ಹತ್ತು ಕಿಲೋ ಲೋಹ, ಅರ್ಧ ಗ್ರಾಂ ಸೀಸ

(ಬೆಳಗಾವಿಯಲ್ಲಿ ಫೌಂಡ್ರಿ ಕೆಲಸಗಾರರು ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಮೇಜಿನ ಮೇಲೆ ಎರಡು ಬುಶ್‌ಗಳನ್ನು, ಅಂದರೆ ತಿರುಗುವ ಶಾಫ್ಟ್‌ಗೆ ಆಸರೆಯಾಗುವ ಲೋಹದ ಕೊಳವೆಗಳನ್ನು, ಇಟ್ಟಿದ್ದೇನೆ. ಮಾತು ಮುಗಿದ ಮೇಲೆ ಎಲ್ಲರೂ ಒಮ್ಮೆ ಕೈಗೆತ್ತಿಕೊಂಡು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ಹಳದಿ ಮಿಶ್ರಿತ ಕೆಂಪು ಬಣ್ಣದ್ದು ಗನ್‌ಮೆಟಲ್, ತಾಮ್ರಕ್ಕೆ ತವರ, ಸತು ಸೇರಿಸಿದ ಒಂದು ಬಗೆಯ ಕಂಚು. ಕಬ್ಬಿನ ಗಾಣದ ರೋಲರ್ ಕೆಳಗೆ ಕೂರುವ ಇಂಥ ಬುಶ್‌ಗಳನ್ನು ಇಲ್ಲಿರುವ ಹಲವರು ಎರಕ ಹೊಯ್ದವರೇ. ಇನ್ನೊಂದು ಬೂದು ಬಣ್ಣದ್ದು. ಅದರ ಮೈ ಒಣಗಿದ ಕೆರೆಯ ಅಂಗಳದಂತೆ ಸೀಳು ಬಿಟ್ಟಿದೆ. ಅಂಚನ್ನು ಉಗುರಿನಿಂದ ಒತ್ತಿದರೆ ಹಳೆಯ ಬೆಲ್ಲದ ಹಾಗೆ ಹರಳು ಹರಳಾಗಿ ಉದುರುತ್ತದೆ. ಅದನ್ನು ಎರಕ ಹೊಯ್ದವನು ನಾನೇ.

ನಾನು ಫೌಂಡ್ರಿಯ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ತಾಮ್ರದ ಬೆಲೆ ಏರಿ, ಗಾಣದವರು ಗನ್‌ಮೆಟಲ್ ಬುಶ್‌ಗೆ ದುಡ್ಡು ಹೊಂದಿಸಲಾಗದೆ ಸವೆದ ಬುಶ್‌ನಲ್ಲೇ ಇನ್ನೊಂದು ಸುಗ್ಗಿ ತಳ್ಳುತ್ತಿದ್ದರು. ಸತು ಮತ್ತು ಅಲ್ಯೂಮಿನಿಯಂ ಸೇರಿಸಿ ಮಾಡಿದ ಮಿಶ್ರಲೋಹ ಬುಶ್‌ಗೆ ಒಳ್ಳೆಯದು ಎಂದು ನಾನು ಒಂದು ಕೈಪಿಡಿಯಲ್ಲಿ ಓದಿದ್ದೆ. ನೂರು ಪಾಲಿನಲ್ಲಿ 11 ಪಾಲು ಅಲ್ಯೂಮಿನಿಯಂ, 1 ಪಾಲಿನಷ್ಟು ತಾಮ್ರ, ಉಳಿದದ್ದು ಸತು. ಸತುವಿನ ಹೊಸ ಗಟ್ಟಿ ತಂದೆ. ಅಲ್ಯೂಮಿನಿಯಂ ತಂತಿ ತಂದೆ. ತಾಮ್ರಕ್ಕೆ ಬೇರೆ ದುಡ್ಡು ಯಾಕೆ, ಲೇಥ್ ಕೆಳಗೆ ಹಿತ್ತಾಳೆಯ ತುರಿ ರಾಶಿ ಬಿದ್ದಿದೆಯಲ್ಲ, ಅದರಲ್ಲಿ ತಾಮ್ರವೂ ಇದೆ, ಸತುವೂ ಇದೆ ಎಂದುಕೊಂಡು ಒಂದು ಹಿಡಿ ತುರಿಯನ್ನು ಮೂಸೆಗೆ ಹಾಕಿದೆ. ಕೈಪಿಡಿಯಲ್ಲಿ ಬಹಳ ಚಿಕ್ಕ ಅಂಕಿಯೊಂದರ ಜತೆ ಮೆಗ್ನೀಸಿಯಂ ಎಂದೂ ಬರೆದಿತ್ತು. ಅಷ್ಟು ಚಿಕ್ಕ ಅಂಕಿಯಿಂದ ಏನಾದೀತು ಎಂದು ಅದನ್ನು ಬಿಟ್ಟೆ.

ಎರಕ ಬೆಣ್ಣೆಯಂತೆ ಬಂತು. ಲೇಥ್‌ನಲ್ಲಿ ಕನ್ನಡಿಯಂತೆ ಹೊಳೆಯಿತು. ಒಂದಷ್ಟು ಬುಶ್‌ಗಳು ಗಾಣಗಳಿಗೆ ಹೋದವು, ಉಳಿದವನ್ನು ಮುಂದಿನ ಸುಗ್ಗಿಗೆಂದು ಗೋದಾಮಿನ ಹಲಗೆಯ ಮೇಲೆ ಜೋಡಿಸಿಟ್ಟೆವು. ಎರಡು ಮಳೆಗಾಲ ಕಳೆದ ಮೇಲೆ ಅವನ್ನು ಇಳಿಸಿದಾಗ 60 ಮಿಲಿಮೀಟರ್‌ಗೆ ತಿರುಗಿಸಿದ್ದ ಹೊರಮೈ 60.4 ತೋರಿಸಿತು. ಬುಶ್ ಕೂರಬೇಕಾದ ಗೂಡಿನ, ಅಂದರೆ ಹೌಸಿಂಗ್‌ನ, ಒಳಗೆ ಹೋಗಲೇ ಇಲ್ಲ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆವು. ಬುಶ್ ಎರಡು ಹೋಳಾಯಿತು. ಗಾಣದಲ್ಲಿ ಹಾಕಿದ್ದವು ಬಿರುಕು ಬಿಟ್ಟಿರುವ ಸುದ್ದಿಯೂ ಅದೇ ವಾರ ಬಂತು. ಸುಗ್ಗಿ ನಡುವೆ ಗಾಣ ನಿಂತ ರೈತನ ಮುಖ ನೋಡುವುದು ಎಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿದೆ.

ಲೋಹದಲ್ಲಿ ಯಾವುದು ಎಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋ ಪರೀಕ್ಷೆಗೆ ತುಂಡೊಂದನ್ನು ಕಳುಹಿಸಿದೆವು. ಅಲ್ಯೂಮಿನಿಯಂ ಸರಿ, ತಾಮ್ರ ಸರಿ. ಸೀಸ ನೂರಕ್ಕೆ 0.05ರ ಹತ್ತಿರ. ಮೆಗ್ನೀಸಿಯಂ ಇಲ್ಲ.

ಆ 0.05 ಎಲ್ಲಿಂದ ಬಂತು ಎಂಬ ಲೆಕ್ಕವನ್ನು ನಾನು ಅಂದು ರಾತ್ರಿ ಕೂತು ಮಾಡಿದೆ. ಹತ್ತು ಕಿಲೋ ಮಿಶ್ರಲೋಹಕ್ಕೆ ಬೇಕಾದ ತಾಮ್ರ 90 ಗ್ರಾಂ. ಲೇಥ್‌ನಲ್ಲಿ ಸಲೀಸಾಗಿ ತುಂಡಾಗಿ ಉದುರಲೆಂದೇ ಮಾಡುವ ಹಿತ್ತಾಳೆಯಲ್ಲಿ ತಾಮ್ರ ನೂರಕ್ಕೆ 58ರಷ್ಟು, ಸೀಸ ನೂರಕ್ಕೆ 3ರವರೆಗೆ ಇರುತ್ತದೆ. 90 ಗ್ರಾಂ ತಾಮ್ರಕ್ಕಾಗಿ 155 ಗ್ರಾಂ ತುರಿ ಹಾಕಿದರೆ ಅದರ ಜತೆಗೆ ನಾಲ್ಕೂವರೆ ಗ್ರಾಂಗಿಂತ ಹೆಚ್ಚು ಸೀಸ ಬಂದೇ ಬರುತ್ತದೆ. ಈ ಮಿಶ್ರಲೋಹದಲ್ಲಿ ಸೀಸಕ್ಕಿರುವ ಮಿತಿ ನೂರಕ್ಕೆ 0.006. ಹತ್ತು ಕಿಲೋಗೆ ಅರ್ಧ ಗ್ರಾಂ, ಬಿಗಿಯಾಗಿ ಹೇಳುವುದಾದರೆ 0.6 ಗ್ರಾಂ. ನಾನು ಅದರ ಎಂಟು ಪಟ್ಟಿನ ಹತ್ತಿರ ಹಾಕಿದ್ದೆ. ತವರದ ಮಿತಿ ಇನ್ನೂ ಕಡಿಮೆ, 0.003. ಹತ್ತು ಕಿಲೋಗೆ ಒಂದು ಗ್ರಾಂನ ಮೂರನೇ ಒಂದು ಭಾಗವೂ ಇಲ್ಲ.

ಅಗ್ಗದ ಮಿಶ್ರಲೋಹ ಮಾಡಬೇಕು ಎಂದು ಹೊರಟವರೆಲ್ಲ ನನ್ನಂತೆಯೇ ಮೂಸೆಗೆ ಏನು ಹಾಕಬೇಕು ಎಂದು ಯೋಚಿಸುತ್ತಾರೆ. ಏನು ಒಳಗೆ ಬರಬಾರದು ಎಂಬುದರಿಂದ ಯೋಚನೆ ಶುರುವಾಗಬೇಕು. ಇಂದು ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇರುತ್ತದೆ.

ಒಂದು ಸಮಾಧಾನವೆಂದರೆ, ಈ ತಪ್ಪನ್ನು ಮಾಡಿದವರಲ್ಲಿ ನಾನು ಮೊದಲಿಗನಲ್ಲ. ಕಳೆದ ಶತಮಾನದ ಆರಂಭದಲ್ಲಿ ಅಮೆರಿಕ ಮತ್ತು ಯೂರೋಪಿನಲ್ಲಿ ಡೈ ಕಾಸ್ಟಿಂಗ್, ಅಂದರೆ ಕರಗಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸುವ ಕ್ರಮ, ಬೆಳೆಯತೊಡಗಿದಾಗ ಅವರೂ ಸತುವನ್ನೇ ಹಿಡಿದರು. ಸತು 419 ಡಿಗ್ರಿಗೆ ಕರಗುತ್ತದೆ, ಉಕ್ಕಿನ ಅಚ್ಚನ್ನು ಸುಡುವುದಿಲ್ಲ, ಸೂಕ್ಷ್ಮ ಮೂಲೆಗಳಿಗೂ ಹರಿಯುತ್ತದೆ. ಅಲ್ಯೂಮಿನಿಯಂ ಸೇರಿಸಿದರೆ ಬಲ ಬರುತ್ತದೆ. ಆದರೆ ಆ ಕಾಲದ ಎರಕದ ಭಾಗಗಳು ಕೆಲವೇ ವರ್ಷಗಳಲ್ಲಿ ಉಬ್ಬಿ, ಬಿರಿದು, ಪುಡಿಯಾದವು. 1930ರ ದಶಕದ ಬ್ರಿಟಿಷ್ ಆಟಿಕೆ ಕಾರುಗಳನ್ನು ಸಂಗ್ರಹಿಸುವವರು ಇಂದಿಗೂ ಡಬ್ಬಿ ತೆರೆದರೆ, ಒಳಗೆ ಡಿಂಕಿ ಕಾರಿನ ಚಕ್ರ ತಾನಾಗಿಯೇ ಪುಡಿಯಾಗಿ ಬಿದ್ದಿರುವುದನ್ನು ಕಾಣುತ್ತಾರೆ. ಆ ರೋಗಕ್ಕೆ ಅವರು ಇಟ್ಟ ಹೆಸರು ಸತುವಿನ ಪಿಡುಗು.

ಪಿಡುಗು ಹೇಗೆ ಹಬ್ಬುತ್ತದೆ ಎಂಬುದನ್ನು ಹೊಲದ ಲೆಕ್ಕದಲ್ಲಿ ಹೇಳುತ್ತೇನೆ. ಎರಕ ಗಟ್ಟಿಯಾಗುವಾಗ ಒಳಗೆ ಹರಳುಗಳು ಬೆಳೆದು ಒಂದಕ್ಕೊಂದು ತಾಗುತ್ತವೆ. ಅವು ತಾಗುವ ಗೆರೆಯನ್ನು ಬದು ಎಂದುಕೊಳ್ಳಿ. ಗಟ್ಟಿ ಸತುವಿನಲ್ಲಿ ಸೀಸ ಬೆರೆಯುವುದಿಲ್ಲ. ಎಲ್ಲ ಹರಳುಗಳೂ ದೂಡಿದ ಸೀಸ ಕೊನೆಗೆ ಬದುವಿನ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಬಿಸಿ ಮತ್ತು ತೇವ ಎರಡೂ ಸೇರಿದ ಗಾಳಿ ಸಿಕ್ಕರೆ ಸಾಕು, ತುಕ್ಕು ಮೈಯ ಮೇಲೆ ಹರಡುವ ಬದಲು ಬದು ಹಿಡಿದು ಒಳಕ್ಕೆ ನುಗ್ಗುತ್ತದೆ. ತುಕ್ಕಿಗೆ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಅದಕ್ಕೇ ನನ್ನ ಬುಶ್ ಉಬ್ಬಿತು. ನಮ್ಮ ಗೋದಾಮಿನ ಎರಡು ಮಳೆಗಾಲಗಳಿಗಿಂತ ಅನುಕೂಲವಾದ ಹವೆ ಆ ರೋಗಕ್ಕೆ ಇನ್ನೆಲ್ಲಿ ಸಿಗಬೇಕು?

ಸೀಸ ಒಂದೇ ಇದ್ದರೆ ಹೀಗಾಗುವುದಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಇದಕ್ಕೆ ಸಾಕ್ಷಿ ನಮ್ಮ ರಾಜ್ಯದಲ್ಲೇ ಇದೆ. ಬೀದರಿನ ಬಿದರಿ ಹೂಜಿ, ಹುಕ್ಕದ ಬುಡ, ಪೆಟ್ಟಿಗೆಗಳು ಸತುವಿನ ಎರಕಗಳೇ. ಸಾಮಾನ್ಯವಾಗಿ 16 ಪಾಲು ಸತುವಿಗೆ 1 ಪಾಲು ತಾಮ್ರ ಎಂದು ಅಲ್ಲಿನ ಕುಶಲಕರ್ಮಿಗಳು ಲೆಕ್ಕ ಹೇಳುತ್ತಾರೆ. ಅಚ್ಚಿನ ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಎರೆಯುತ್ತಾರೆ, ಬೆಳ್ಳಿ ಕೂರಿಸುತ್ತಾರೆ, ಬೀದರ್ ಕೋಟೆಯ ಮಣ್ಣಿನ ಜತೆ ನವಸಾಗರ ಸೇರಿಸಿ ಕಪ್ಪು ಬರಿಸುತ್ತಾರೆ. ಹಳೆಯ ಬಿದರಿ ವಸ್ತುಗಳನ್ನು ಪರೀಕ್ಷಿಸಿದಾಗ ಅವುಗಳಲ್ಲಿ ಸೀಸವೂ ಕಂಡುಬಂದಿದೆ. ಆದರೂ ಅವು ಶತಮಾನಗಳಿಂದ ನೆಟ್ಟಗಿವೆ. ಅಲ್ಲಿ ಅಲ್ಯೂಮಿನಿಯಂ ಇಲ್ಲ. ಸತು, ಅಲ್ಯೂಮಿನಿಯಂ, ಸೀಸ ಮೂರೂ ಒಂದೆಡೆ ಸೇರಿ, ಮೇಲೆ ತೇವವೂ ಬಿದ್ದಾಗ ಮಾತ್ರ ಪಿಡುಗು. ಹಾಗಾಗಿ ಬಿದರಿ ಕೆಲಸದವರ ಸತು ನಮ್ಮ ಕೆಲಸಕ್ಕೆ ಆಗುತ್ತದೆ ಎಂದು ನಾವು ಊಹಿಸಬಾರದು. ನಮ್ಮ ನಿಯಮವನ್ನು ಅವರ ಮೇಲೆ ಹೇರುವುದೂ ಬೇಡ.

ಈಗ ಮದ್ದಿನ ವಿಷಯ. 1920ರ ದಶಕದಲ್ಲಿ ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿಯವರು ಎರಡು ದಾರಿಗಳನ್ನು ಒಟ್ಟಿಗೆ ಹಿಡಿದರು. ಒಂದು, ಕಲ್ಮಶವಿಲ್ಲದ ಸತು. ಇನ್ನೊಂದು, ಚಿಟಿಕೆ ಮೆಗ್ನೀಸಿಯಂ. ನೂರಕ್ಕೆ 4 ಅಲ್ಯೂಮಿನಿಯಂ, 0.04ರ ಆಸುಪಾಸು ಮೆಗ್ನೀಸಿಯಂ, ಉಳಿದದ್ದು ಶುದ್ಧ ಸತು. ಇದೇ ಝಮಾಕ್ 3. ಇದಕ್ಕೆ ನೂರಕ್ಕೆ ಒಂದು ತಾಮ್ರ ಸೇರಿದರೆ ಝಮಾಕ್ 5. ಹೆಸರು ಜರ್ಮನ್ ಮೊದಲಕ್ಷರಗಳಿಂದ ಬಂದದ್ದು: ಝಿಂಕ್, ಅಲ್ಯುಮಿನಿಯುಮ್, ಮಾಗ್ನೇಸಿಯುಮ್, ಮತ್ತು ತಾಮ್ರಕ್ಕೆ ಅವರು ಹೇಳುವ ಕುಪ್ಫರ್. ನಿಮ್ಮ ಮನೆಯ ಬಾಗಿಲ ಹಿಡಿಕೆ, ಹಳೆಯ ಸ್ಕೂಟರಿನ ಕಾರ್ಬ್ಯುರೇಟರ್, ಬ್ಯಾಗಿನ ಜಿಪ್‌ನ ಎಳೆತುಂಡು ಬಹುಪಾಲು ಈ ಕುಟುಂಬದವೇ. ನಾನು ಬಿಟ್ಟದ್ದು ಆ 0.04ರಂಥ ಚಿಟಿಕೆಯನ್ನೇ. ಸೀಸ ಅಲ್ಪಸ್ವಲ್ಪ ಉಳಿದಿದ್ದರೆ ಅದು ಬದುವಿನಲ್ಲಿ ಮಾಡುವ ಕೇಡನ್ನು ಮೆಗ್ನೀಸಿಯಂ ತಡೆಯುತ್ತದೆ. ಹಾಗೆಂದು ಹೆಚ್ಚು ಹಾಕಿದರೆ ಲೋಹ ಸರಿಯಾಗಿ ಹರಿಯುವುದಿಲ್ಲ, ಅಚ್ಚಿನಲ್ಲೇ ಬಿಸಿಗೆ ಬಿರಿಯುತ್ತದೆ.

ಶುದ್ಧ ಸತು ಹೇಗೆ ಸಿಕ್ಕಿತು ಎಂಬುದರ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಸತು 907 ಡಿಗ್ರಿಗೆ ಕುದಿದು ಆವಿಯಾಗುತ್ತದೆ. ಸೀಸ ಆವಿಯಾಗಲು 1700 ಡಿಗ್ರಿ ದಾಟಬೇಕು. ಕ್ಯಾಡ್ಮಿಯಂ 767ಕ್ಕೇ ಹಾರುತ್ತದೆ. ಹೀಗಾಗಿ ಸತುವನ್ನು ಆವಿ ಮಾಡಿ, ಮತ್ತೆ ಇಳಿಸಿ, ಮತ್ತೆ ಆವಿ ಮಾಡಿದರೆ ಸೀಸ ಕೆಳಗುಳಿಯುತ್ತದೆ, ಕ್ಯಾಡ್ಮಿಯಂ ಮೇಲೆ ಹೋಗುತ್ತದೆ, ನಡುವೆ 99.99ರ ಸತು ಸಿಗುತ್ತದೆ. ನ್ಯೂಜೆರ್ಸಿ ಝಿಂಕ್‌ನವರು ಇದನ್ನು ಎತ್ತರದ ಸ್ತಂಭಗಳಲ್ಲಿ ಮಾಡಿದರು. ಅದೇ ಕಾಲಕ್ಕೆ ವಿದ್ಯುತ್ತಿನಿಂದ ಸತು ತೆಗೆಯುವ ಕ್ರಮವೂ ಬೆಳೆದಿತ್ತು. ಆದರೆ ಸತುವನ್ನು ಆವಿಯಾಗಿಸಿ ಇಳಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದವರು ನಮ್ಮ ದೇಶದವರು. ರಾಜಸ್ಥಾನದ ಉದಯಪುರದ ದಕ್ಷಿಣಕ್ಕಿರುವ ಜಾವರ್ ಎಂಬಲ್ಲಿ ಬದನೆಕಾಯಿಯ ಆಕಾರದ ಮಣ್ಣಿನ ಪಾತ್ರೆಗಳಲ್ಲಿ ಅದಿರು ತುಂಬಿ, 36 ಪಾತ್ರೆಗಳನ್ನು ಒಂದು ಕುಲುಮೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಆವಿಯನ್ನು ಕೆಳಗಿನ ತಣ್ಣನೆಯ ಕೋಣೆಗೆ ಇಳಿಸುತ್ತಿದ್ದರು. ಬಳಸಿ ಬಿಟ್ಟ ಪಾತ್ರೆಗಳ ಗುಡ್ಡೆಗಳೇ ಅಲ್ಲಿವೆ. ಆ ಖಾಲಿ ಪಾತ್ರೆಗಳನ್ನು ಜೋಡಿಸಿ ಕಟ್ಟಿದ ಗೋಡೆಗಳೂ ಇವೆ. ಆವಿಯ ಮುಖವನ್ನು ಕೆಳಕ್ಕೆ ತಿರುಗಿಸಬೇಕು ಎಂದು ಹೊಳೆದ ಆ ಮೊದಲ ಕುಲುಮೆಗಾರನನ್ನು ನಾನು ಬಹಳ ಸಲ ನೆನೆಯುತ್ತೇನೆ.

ಝಮಾಕ್ ಒಳ್ಳೆಯದು, ಆದರೆ ಅದು ಒತ್ತಡದ ಡೈ ಕಾಸ್ಟಿಂಗ್ ಯಂತ್ರಕ್ಕಾಗಿ ಹುಟ್ಟಿದ್ದು. ನಮ್ಮದು ಮರಳಿನ ಅಚ್ಚು, ಕೈಸೌಟು. ನಮಗೆ ಬೇಕಾದದ್ದು ಇನ್ನೂ ಹೆಚ್ಚು ಅಲ್ಯೂಮಿನಿಯಂ ಇರುವ ಲೋಹ. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರ ಸಿಗದ ಜರ್ಮನಿಯಲ್ಲಿ ಕಂಚಿನ ಬೇರಿಂಗ್‌ಗಳ ಬದಲಿಗೆ ನೂರಕ್ಕೆ 30ರವರೆಗೆ ಅಲ್ಯೂಮಿನಿಯಂ ಇರುವ ಸತುವಿನ ಮಿಶ್ರಲೋಹಗಳನ್ನು ಬಳಸಿದರು. 1960ರ ದಶಕದಲ್ಲಿ ಅಂತರರಾಷ್ಟ್ರೀಯ ಸೀಸ ಸತು ಸಂಶೋಧನಾ ಸಂಸ್ಥೆಯವರು ನೂರಕ್ಕೆ 11ರಿಂದ 12 ಅಲ್ಯೂಮಿನಿಯಂ ಇರುವ ಒಂದು ಮಿಶ್ರಲೋಹವನ್ನು ಮುಂದಿಟ್ಟರು. ಇಂದು ಅದನ್ನು ಝಡ್‌ಎ-12 ಎನ್ನುತ್ತೇವೆ, ಝಡ್‌ಎ ಎಂದರೆ ಝಿಂಕ್ ಮತ್ತು ಅಲ್ಯೂಮಿನಿಯಂ. ಡೈ ಕಾಸ್ಟಿಂಗ್‌ಗೆ ಹೋಗುವ ಮೊದಲು ಮರಳಿನಲ್ಲಿ ಮಾದರಿ ಎರೆದು ನೋಡಲು ಅದು ಬೇಕಾಗಿತ್ತು. ಮಾದರಿಗೆಂದು ಮಾಡಿದ ಲೋಹ ಎಷ್ಟು ಗಟ್ಟಿಯಾಗಿತ್ತೆಂದರೆ ಜನ ಅದನ್ನೇ ನಿಜವಾದ ಭಾಗಗಳಿಗೂ ಬಳಸತೊಡಗಿದರು. ಆಮೇಲೆ ಕೆನಡಾದ ನೊರಾಂಡಾ ಕಂಪನಿಯ ಕೆಲಸದಿಂದ ಝಡ್‌ಎ-8, ಝಡ್‌ಎ-27 ಕೂಡ ಸೇರಿ ಈ ಕುಟುಂಬ ಪೂರ್ಣವಾಯಿತು. ಹೆಸರಿನಲ್ಲಿರುವ ಅಂಕಿ ಅಲ್ಯೂಮಿನಿಯಂನ ಪಾಲನ್ನು ಹೆಚ್ಚುಕಡಿಮೆ ಹೇಳುತ್ತದೆ.

ಮೂರರಲ್ಲಿ ಯಾವುದು? ಬಲದಲ್ಲಿ 27ನ್ನು ಮೀರಿಸುವುದು ಇಲ್ಲ. ಆದರೆ ಸಣ್ಣ ಫೌಂಡ್ರಿಗೆ ನಾನು ಅದನ್ನು ಹೇಳುವುದಿಲ್ಲ. ಅದು 484 ಡಿಗ್ರಿಗೆ ಗಟ್ಟಿಯಾಗಲು ಶುರುಮಾಡಿ 376ಕ್ಕೆ ಮುಗಿಸುತ್ತದೆ. ನೂರಕ್ಕೂ ಹೆಚ್ಚು ಡಿಗ್ರಿಯ ಈ ನಡುಗಾಲದಲ್ಲಿ ಮೊದಲು ಹುಟ್ಟುವ ಅಲ್ಯೂಮಿನಿಯಂ ಹೆಚ್ಚಿರುವ ಹರಳುಗಳು ಹಗುರವಾದ್ದರಿಂದ ಮೇಲಕ್ಕೆ ತೇಲುತ್ತವೆ. ದಪ್ಪ ಎರಕದ ತಳಭಾಗ ಕುಗ್ಗಿ ಒರಟಾಗುತ್ತದೆ. ಕುಗ್ಗನ್ನು ತುಂಬಲೆಂದು ಹೆಚ್ಚುವರಿ ಲೋಹದ ರೈಸರ್ ಮೇಲಿಟ್ಟು, ಕುಗ್ಗು ಕೆಳಗೆ ಬಂದರೆ ಮೋಲ್ಡರ್ ತಲೆ ಕೆಡದೆ ಇರುತ್ತದೆಯೇ? 12 ಹಾಗಲ್ಲ. 432ರಲ್ಲಿ ಶುರುವಾಗಿ 377ಕ್ಕೆ ಮುಗಿಯುತ್ತದೆ. ಮರಳಿಗೂ ಬರುತ್ತದೆ, ಗ್ರಾಫೈಟ್ ಅಚ್ಚಿಗೂ ಬರುತ್ತದೆ. ಮರಳಿನಲ್ಲಿ ಎರೆದರೂ ಎಳೆತದ ಬಲ 300 ಮೆಗಾಪಾಸ್ಕಲ್ ಆಸುಪಾಸು ಸಿಗುತ್ತದೆ. ನಾವು ಎರೆಯುವ ಬಹಳಷ್ಟು ಗನ್‌ಮೆಟಲ್‌ಗಿಂತ ಅದು ಕಡಿಮೆಯೇನೂ ಅಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ಗುಜರಿ ಅಂಗಡಿಯವನು ಕಿಲೋ ಲೆಕ್ಕದಲ್ಲಿ ಮಾತನಾಡುತ್ತಾನೆ. ಬುಶ್ ಮಾತ್ರ ಜಾಗದ ಲೆಕ್ಕದ್ದು, ಹೌಸಿಂಗ್ ತುಂಬಿದರೆ ಆಯಿತು. ಝಡ್‌ಎ-12ರ ಸಾಂದ್ರತೆ 6.03, ಗನ್‌ಮೆಟಲ್‌ನದು 8.8ರ ಹತ್ತಿರ. ಒಂದು ಕಿಲೋ ತೂಗುವ ಗನ್‌ಮೆಟಲ್ ಬುಶ್ ಈ ಲೋಹದಲ್ಲಿ 685 ಗ್ರಾಂ. ಕಿಲೋ ಬೆಲೆಯಲ್ಲಿ ಸತು ತಾಮ್ರಕ್ಕಿಂತ ಬಹಳ ಕೆಳಗಿದೆ, ಮೇಲೆ ಕಿಲೋಗಳೇ ಮೂರರಲ್ಲಿ ಒಂದು ಪಾಲು ಕಡಿಮೆ. ಗನ್‌ಮೆಟಲ್ ಎರೆಯಲು 1100 ಡಿಗ್ರಿ ದಾಟಬೇಕು, ಇದನ್ನು 500ರ ಆಸುಪಾಸಿನಲ್ಲಿ ಎರೆಯಬಹುದು. ಕುಲುಮೆಯ ಎಣ್ಣೆ ಉಳಿಯುತ್ತದೆ, ಮೂಸೆ ಹೆಚ್ಚು ದಿನ ಬಾಳುತ್ತದೆ, ಮರಳು ಸುಡುವುದಿಲ್ಲ. ಇವೆಲ್ಲ ಉಳಿತಾಯ ಆಗಿಯೇ ಆಗುತ್ತದೆ. ಇಷ್ಟು ಉಳಿದ ಮೇಲೂ ಸತುವಿನ ಗಟ್ಟಿಯಲ್ಲಿ ನಾಲ್ಕು ಕಾಸು ಉಳಿಸಲು ಹೋಗುವುದು ಸಲ್ಲದು ಎಂದು ನಾನು ಕೈಮುಗಿದು ಕೇಳುತ್ತೇನೆ.

ಯಾಕೆಂದರೆ ಸತು ಎಂಬ ಒಂದೇ ಹೆಸರಿನಲ್ಲಿ, ನಮ್ಮ ಕಡೆಯ ಗುಜರಿ ಮಾತಿನಲ್ಲಿ ಹೇಳುವುದಾದರೆ ಜಸ್ತದ ಹೆಸರಿನಲ್ಲಿ, ಬೇರೆ ಬೇರೆ ಲೋಹಗಳು ಸಿಗುತ್ತವೆ. ಕಬ್ಬಿಣದ ತಗಡಿಗೆ ಲೇಪಿಸಲು ಬಳಸುವ ಒಂದು ದರ್ಜೆಯ ಸತುವಿನಲ್ಲಿ ಸೀಸ ನೂರಕ್ಕೆ ಒಂದರ ಆಸುಪಾಸು ಇರುತ್ತದೆ. ಲೇಪನದ ಕೆಲಸಕ್ಕೆ ಅದು ದೋಷವಲ್ಲ. ಆದರೆ ಅದೇ ಸತುವನ್ನು ಹತ್ತು ಕಿಲೋ ಝಡ್‌ಎ-12ಕ್ಕೆ ಹಾಕಿದರೆ 88 ಗ್ರಾಂ ಸೀಸ ಬರುತ್ತದೆ. ನನ್ನ ಹಿತ್ತಾಳೆ ತುರಿಯ ನಾಲ್ಕೂವರೆ ಗ್ರಾಂ ಅದರ ಮುಂದೆ ಏನೂ ಅಲ್ಲ. ಲೇಪನದ ತೊಟ್ಟಿಯ ತಳದ ಕಿಟ್ಟವಂತೂ ಸೀಸದ ಜತೆ ಕಬ್ಬಿಣವನ್ನೂ ಹೊತ್ತು ತರುತ್ತದೆ. 99.99 ಎಂದು ಗುರುತಿರುವ ಗಟ್ಟಿಯನ್ನೇ ಕೊಳ್ಳಿ.

ಗುಜರಿ ಬಳಸಲೇಬಾರದೇ ಎಂದು ಕೇಳಿದರೆ, ಬಳಸಬಹುದು, ಆದರೆ ಅದರ ಹುಟ್ಟು ಗೊತ್ತಿರಬೇಕು. ಡೈ ಕಾಸ್ಟಿಂಗ್ ಘಟಕದಿಂದ ಬರುವ ಝಮಾಕ್‌ನ ಗೇಟು, ರನ್ನರ್ ತುಂಡುಗಳು, ಅಂದರೆ ಅಚ್ಚಿಗೆ ಲೋಹ ಹರಿದ ದಾರಿಯಲ್ಲಿ ಉಳಿದ ಲೋಹ, ಬಹಳ ಒಳ್ಳೆಯವು. ಅವುಗಳಲ್ಲಿ ಆಗಲೇ ನೂರಕ್ಕೆ 4 ಅಲ್ಯೂಮಿನಿಯಂ ಇದೆ. ಹತ್ತು ಕಿಲೋ ಝಮಾಕ್‌ಗೆ 790 ಗ್ರಾಂ ಅಲ್ಯೂಮಿನಿಯಂ ಸೇರಿಸಿದರೆ ಪಾಲು 11ಕ್ಕೆ ಬರುತ್ತದೆ. ಝಮಾಕ್ 5 ಆದರೆ ತಾಮ್ರವೂ ಜತೆಗೇ ಬಂತು. ಬಿಡಿ ಗುಜರಿಯಲ್ಲಿ ಕಾರ್ಬ್ಯುರೇಟರ್, ಹಿಡಿಕೆ ಸಿಕ್ಕರೆ ಬೆಸುಗೆ ಹತ್ತಿದ ಭಾಗ ಕಂಡ ಕೂಡಲೇ ಪಕ್ಕಕ್ಕೆ ತೆಗೆಯಿರಿ. ಬೆಸುಗೆ ಎಂದರೆ ಸೀಸ ಮತ್ತು ತವರ. ಒಳಗೆ ಸಿಕ್ಕಿಕೊಂಡ ಹಿತ್ತಾಳೆ ಜೆಟ್, ಉಕ್ಕಿನ ಸ್ಕ್ರೂ ಕೂಡ ಬಿಚ್ಚಬೇಕು. ಕ್ರೋಮ್ ಲೇಪನ ಕರಗದೆ ಸಿಪ್ಪೆಯಾಗಿ ಮೇಲೆ ಬರುತ್ತದೆ, ತೆಗೆದುಬಿಡಬಹುದು.

ಅಲ್ಯೂಮಿನಿಯಂಗೆ ವಿದ್ಯುತ್ ತಂತಿಯಷ್ಟು ಶುದ್ಧವಾದದ್ದು ಬೇರೆ ಸಿಗಲಾರದು. ಆದರೆ ಕಂಬದಿಂದ ಕಂಬಕ್ಕೆ ಎಳೆಯುವ ತಂತಿಯ ನಡುವೆ ಉಕ್ಕಿನ ಎಳೆ ಇರುತ್ತದೆ. ಅದನ್ನು ಬಿಡಿಸಿ ತೆಗೆದರೆ ಮಾತ್ರ ಅದು ನಮ್ಮ ಕೆಲಸದ್ದು. ಪಿಸ್ಟನ್, ಗೇರ್ ಪೆಟ್ಟಿಗೆಯ ಅಲ್ಯೂಮಿನಿಯಂ ಬೇಡ, ಅದರ ಸಿಲಿಕಾನ್ ಗಟ್ಟಿ ಕಣಗಳಾಗಿ ಉಳಿದು ಲೇಥ್‌ನ ಟೂಲ್ ತಿನ್ನುತ್ತದೆ. ತಾಮ್ರಕ್ಕೆ ಬರಿಯ ತಾಮ್ರದ ತಂತಿ. ಬೆಳ್ಳಗೆ ಕಾಣುವ ತಾಮ್ರದ ತಂತಿಯ ಮೇಲೆ ತವರದ ಲೇಪನ ಇರುತ್ತದೆ, ಅದನ್ನು ಮುಟ್ಟಬೇಡಿ.

ಹತ್ತು ಕಿಲೋ ಲೋಹಕ್ಕೆ ನಾನು ತೂಗುವುದು ಇಷ್ಟು: ಸತು 8 ಕಿಲೋ 800 ಗ್ರಾಂ, ಅಲ್ಯೂಮಿನಿಯಂ 1 ಕಿಲೋ 100 ಗ್ರಾಂ, ತಾಮ್ರ 90 ಗ್ರಾಂ, ಮೆಗ್ನೀಸಿಯಂ ಎರಡೂವರೆ ಗ್ರಾಂ. ಮೆಗ್ನೀಸಿಯಂ ತೂಗಲು ಅಕ್ಕಸಾಲಿಗರ ತಕ್ಕಡಿ ಇಟ್ಟುಕೊಳ್ಳಿ, ಇದು ಅಂದಾಜಿನ ಕೆಲಸವಲ್ಲ.

ಹಾಕುವ ಕ್ರಮದಲ್ಲಿ ಬಹಳ ಜನ ಎಡವುತ್ತಾರೆ. ಕರಗಿದ ಸತುವಿಗೆ ಅಲ್ಯೂಮಿನಿಯಂ ತುಂಡು ಹಾಕಿದರೆ ಅದು ಮರದ ತುಂಡಿನಂತೆ ತೇಲುತ್ತದೆ. ತೇಲುವುದನ್ನು ಕರಗಿಸಲು ಬೆಂಕಿ ಏರಿಸುತ್ತಾರೆ, ಸತು ಉರಿಯತೊಡಗುತ್ತದೆ, ಬಿಳಿ ಹತ್ತಿಯಂಥ ಪುಡಿ ಶೆಡ್ ತುಂಬ ಹಾರುತ್ತದೆ. ಹಾಗೆ ಮಾಡದೆ ಗ್ರಾಫೈಟ್ ಮೂಸೆಯಲ್ಲಿ ಮೊದಲು ಅಲ್ಯೂಮಿನಿಯಂ ಕರಗಿಸಿ. 700 ಡಿಗ್ರಿ ದಾಟಿದಾಗ ತಾಮ್ರದ ತಂತಿಯನ್ನು ಸಣ್ಣಗೆ ಕತ್ತರಿಸಿ ಹಾಕಿ ಕಲಕಿ. ತಾಮ್ರ ತಾನಾಗಿ ಕರಗಲು 1085 ಡಿಗ್ರಿ ಬೇಕು, ಆದರೆ ಕರಗಿದ ಅಲ್ಯೂಮಿನಿಯಂ ಅದನ್ನು ಸಕ್ಕರೆಯಂತೆ ತನ್ನೊಳಗೆ ತೆಗೆದುಕೊಳ್ಳುತ್ತದೆ. ಆಮೇಲೆ ಬೆಂಕಿ ತಗ್ಗಿಸಿ, ಮೂಸೆಯ ಪಕ್ಕದಲ್ಲಿಟ್ಟು ಚೆನ್ನಾಗಿ ಕಾಯಿಸಿದ ಸತುವಿನ ತುಂಡುಗಳನ್ನು ಒಂದೊಂದಾಗಿ ಇಳಿಸಿ. ಸತು ಭಾರ, ಮುಳುಗುತ್ತದೆ. ಪ್ರತಿ ತುಂಡೂ ಲೋಹವನ್ನು ತಣಿಸುತ್ತದೆ. ಕೊನೆಯ ತುಂಡು ಕರಗುವ ಹೊತ್ತಿಗೆ 500ರ ಆಸುಪಾಸಿಗೆ ಬಂದಿರುತ್ತದೆ. ತಳದವರೆಗೆ ಕಲಕಿ, ಮೇಲಿನ ಕಿಟ್ಟ ತೆಗೆದು, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಮೆಗ್ನೀಸಿಯಂ ಪೊಟ್ಟಣವನ್ನು ಕಾಯಿಸಿದ ತೂತಿನ ಬಟ್ಟಲಿನಿಂದ ತಳಕ್ಕೆ ಅದುಮಿ ಹಿಡಿಯಿರಿ. ಮೇಲೆ ಬಿಟ್ಟರೆ ಅಲ್ಲೇ ಉರಿದು ಹೋಗುತ್ತದೆ.

ಕಾಯಿಸದ ಗಟ್ಟಿಯ ಅಡಿಯಲ್ಲಿ ಒಂದು ಹನಿ ನೀರಿದ್ದರೂ ಲೋಹ ಸಿಡಿಯುತ್ತದೆ. ಇದನ್ನು ಹೊಸ ಹುಡುಗರಿಗೆ ಮೊದಲ ದಿನವೇ ಹೇಳಿ. ಸತುವಿನ ಬಿಳಿ ಹೊಗೆ ಕುಡಿದ ರಾತ್ರಿ ಚಳಿಜ್ವರ ಬರುತ್ತದೆ. ಬೆಲ್ಲ ತಿಂದರೆ ಹೋಗುತ್ತದೆ, ಹಾಲು ಕುಡಿದರೆ ಹೋಗುತ್ತದೆ ಎಂಬ ಮಾತನ್ನು ನಾನೂ ಕೇಳಿಕೊಂಡೇ ಬೆಳೆದವನು. ಅದನ್ನು ನಂಬಿ ಕೆಲಸಗಾರನನ್ನು ಹೊಗೆಯಲ್ಲಿ ನಿಲ್ಲಿಸುವುದು ತಪ್ಪು. ಉಷ್ಣತೆ ಅಳೆಯುವ ಕೆ-ಟೈಪ್ ಥರ್ಮೋಕಪಲ್ ಕೊಳ್ಳಿ, ಲೋಹವನ್ನು ಬೇಕಾದ ಉಷ್ಣತೆಯಲ್ಲಿ ಹಿಡಿಯಿರಿ. ಸತು ಹಾಕಿದ ಮೇಲೆ ಉರಿ ಏರಿಸದಿದ್ದರೆ ಆ ಹೊಗೆ ಬಹುಪಾಲು ಏಳುವುದೇ ಇಲ್ಲ.

ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬೇಡಿ. ಬರಿಯ ಸತುವಿಗಾದರೆ ನಡೆದೀತು, ಇಷ್ಟು ಅಲ್ಯೂಮಿನಿಯಂ ಇರುವ ಲೋಹ ಕಬ್ಬಿಣವನ್ನು ತಿನ್ನುತ್ತದೆ. ತಿಂದ ಕಬ್ಬಿಣ ಅಲ್ಯೂಮಿನಿಯಂ ಜತೆ ಸೇರಿ ಮರಳಿನಂಥ ಗಟ್ಟಿ ಕಣವಾಗುತ್ತದೆ. ಬುಶ್ ಒಳಮೈಯಲ್ಲಿ ಅಂಥ ಒಂದು ಕಣ ಉಳಿದರೆ ಶಾಫ್ಟ್ ಮೇಲೆ ಗೆರೆ ಬೀಳುತ್ತದೆ. ಕಲಕುವ ಸಲಾಕೆಗೂ ಲೇಪನ ಬಳಿಯಬೇಕು.

ಪರೀಕ್ಷೆಗೆ ಸ್ಪೆಕ್ಟ್ರೋ ಬೇಕೇ ಬೇಕು, ಹೊಸ ಗುಜರಿ ಬಂದಾಗಲೆಲ್ಲ ಬೇಕು. ಅದರ ಹೊರತು ನಿಮ್ಮ ಶೆಡ್‌ನಲ್ಲೇ ಮಾಡಬಹುದಾದವು ಎರಡು. ಮೊದಲನೆಯದು ನೀರಿನ ತಕ್ಕಡಿ. ಗುಳಿ ಇಲ್ಲದ ಒಂದು ಗಟ್ಟಿ ತುಂಡನ್ನು ಗಾಳಿಯಲ್ಲಿ ತೂಗಿ, ಆಮೇಲೆ ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿ. 603 ಗ್ರಾಂನ ತುಂಡು ನೀರಿನಲ್ಲಿ 100 ಗ್ರಾಂ ಕಳೆದುಕೊಂಡರೆ ನೀವು 12ರ ಹತ್ತಿರ ಇದ್ದೀರಿ. 8 ಆದರೆ ಸಾಂದ್ರತೆ 6.3, ಝಮಾಕ್ ಆದರೆ 6.6 ಬರುತ್ತದೆ. ಅಲ್ಯೂಮಿನಿಯಂ ಎಷ್ಟಿದೆ ಎಂದು ಇದು ಹೇಳುತ್ತದೆ, ಸೀಸದ ವಿಷಯದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಅದಕ್ಕೆ ಎರಡನೆಯದು, ಹಬೆಯ ಪರೀಕ್ಷೆ. ಪಿಡುಗಿನ ರಹಸ್ಯ ಬಿಡಿಸಿದವರೂ ಇದನ್ನೇ ಬಳಸಿದ್ದರು. 95 ಡಿಗ್ರಿಯ ಹಬೆಯಲ್ಲಿ 10 ದಿನ ತುಂಡನ್ನು ತೂಗುಹಾಕಿ, ಮೊದಲೂ ಆಮೇಲೂ ಮೈಕ್ರೋಮೀಟರ್‌ನಿಂದ ಅಳೆದು ಬರೆದಿಡಿ. ವರ್ಷಗಳ ತೇವ ಮಾಡುವ ಕೆಲಸವನ್ನು ಅದು ಆ 10 ದಿನಗಳಲ್ಲೇ ಮಾಡಿ ತೋರಿಸುತ್ತದೆ. ಹಿತ್ತಾಳೆ ತುರಿ ಹಾಕಿ ಎರೆದಿದ್ದ ನನ್ನ ಲೋಹದ ತುಂಡನ್ನು ತಡವಾಗಿಯಾದರೂ ಹೀಗೆ ಕಟ್ಟಿ ನೋಡಿದೆ. ಹತ್ತನೇ ದಿನ ಅದರ ಅಂಚು ಬೆರಳಿಗೆ ಪುಡಿಯಾಗಿ ಅಂಟಿತು.

ಎಲ್ಲಿ ಬಳಸಬಾರದು ಎಂಬುದನ್ನೂ ಹೇಳಿಬಿಡುತ್ತೇನೆ. ನಿಧಾನ ತಿರುಗುವ, ಭಾರ ಹೊರುವ ಜಾಗ ಇದಕ್ಕೆ ಸರಿ. ವೇಗ ಹೆಚ್ಚಿ ಬಿಸಿ 120 ಡಿಗ್ರಿಯತ್ತ ಹೋಗುವ ಕಡೆ ಬೇಡ. ಬಿಸಿಯಲ್ಲಿ ಸತುವಿನ ಮಿಶ್ರಲೋಹಗಳು ಹೊರೆಯ ಕೆಳಗೆ ನಿಧಾನವಾಗಿ ಜಗ್ಗುತ್ತವೆ. ಗಾಣದಲ್ಲಿ ಬುಶ್ ಎಂದೂ ಕಬ್ಬಿನ ರಸಕ್ಕೆ ತಾಗಬಾರದು. ರಸ ಹುಳಿಯಾದದ್ದು, ಸತುವನ್ನು ಕರಗಿಸುತ್ತದೆ, ಆ ರಸವನ್ನು ಯಾರೋ ಕುಡಿಯುತ್ತಾರೆ, ಬೆಲ್ಲ ಮಾಡುತ್ತಾರೆ. ರಸ ಸೋರಿ ಬರುವ ಗಾಣವಾದರೆ ಗನ್‌ಮೆಟಲ್ಲೇ ಇರಲಿ. ನಾನು ಅಂಥ ಗಾಣದವರನ್ನು ವಾಪಸು ಕಳುಹಿಸಿದ್ದೇನೆ.

ಮೊದಲ ಬುಶ್‌ಗಳು ಒಡೆದ ಮುಂದಿನ ವರ್ಷವೇ ಇವತ್ತು ಹೇಳಿದ ಕ್ರಮದಲ್ಲಿ ಮತ್ತೆ ಎರಕ ಹೊಯ್ದೆ. ಗಾಣ ನಿಂತಿದ್ದ ಆ ರೈತ ನಂಬುವುದಿಲ್ಲ ಎಂದುಕೊಂಡಿದ್ದೆ. ಅವರು ಬುಶ್ ಕೈಗೆ ತೆಗೆದುಕೊಂಡು, ತಿರುಗಿಸಿ ನೋಡಿ, "ಈ ಸಲ ಏನು ಬೇರೆ ಹಾಕಿರಿ?" ಎಂದು ಕೇಳಿದರು. ಹಾಕಿದ್ದಲ್ಲ, ಹಾಕದೆ ಬಿಟ್ಟದ್ದು ಬೇರೆ ಎಂದು ಹೇಳಿ, ಹಿತ್ತಾಳೆ ತುರಿಯ ಕತೆಯನ್ನು ಮುಚ್ಚಿಡದೆ ವಿವರಿಸಿದೆ. ಅವರು ಬುಶ್ ಒಯ್ದರು.

ಆ ಎರಕದ್ದೇ ಒಂದು ಬುಶ್ ನನ್ನ ಜೇಬಿನಲ್ಲಿದೆ, ಇದನ್ನೂ ಮೇಜಿನ ಮೇಲೆ ಇಡುತ್ತಿದ್ದೇನೆ. ಅದೇ ಗೋದಾಮಿನ ಅದೇ ಹಲಗೆಯ ಮೇಲೆ ಹನ್ನೊಂದು ಮಳೆಗಾಲ ಕಳೆದಿದೆ. ಅಂದು ಅಳೆದ ಹೊರ ವ್ಯಾಸವನ್ನು ಚೀಟಿಯಲ್ಲಿ ಬರೆದು ದಾರದಿಂದ ಕಟ್ಟಿದ್ದೇನೆ. ಮೈಕ್ರೋಮೀಟರ್ ಪಕ್ಕದಲ್ಲೇ ಇದೆ. ಮುಂದಿನ ಸಾಲಿನ ವಿದ್ಯಾರ್ಥಿಗಳು ಬಂದು ಅಳೆದು, ಚೀಟಿ ನೋಡದೆ ಅಂಕಿಯನ್ನು ಹಲಗೆಯ ಮೇಲೆ ಬರೆಯಿರಿ. ಆಮೇಲೆ ನಾನು ಚೀಟಿ ಓದುತ್ತೇನೆ.